ಒಳಬೆನ್ನು

"ಒಂದು, ಎರಡು, ಮೂರು" ಎಂದು ಎಣಿಸಿ ಆರು ಜನ ಒಟ್ಟಿಗೆ ಎತ್ತಿದರು. ಎತ್ತಿದ ರಭಸಕ್ಕೆ ಶವಪೆಟ್ಟಿಗೆ ಚಂಗನೆ ಮೇಲೆದ್ದು, ಅದರ ಒಂದು ಮೂಲೆ ಬಾಗಿಲ ಚೌಕಟ್ಟಿಗೆ ಧಡ್ಡನೆ ಬಡಿಯಿತು. ಮೆಟ್ಟಿಲ ಮೇಲೆ ಸಾಲಾಗಿ ನಿಂತಿದ್ದವರೆಲ್ಲ ಅಯ್ಯೋ ಎಂದರು. ಹೊತ್ತ ಆರೂ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಆ ಆರರಲ್ಲಿ ನಾಲ್ವರು ಮಾಂಸದ ಮಾರ್ಕೆಟ್ಟಿನವರು. ದಿನಾ ಬೆಳಿಗ್ಗೆ ಲಾರಿಯಿಂದ ಇಡೀ ಕುರಿಯನ್ನು ಹೆಗಲಿಗೆ ಹಾಕಿಕೊಂಡು ಇಳಿಸುವವರು. ಯಾವುದಕ್ಕೆ ಎಷ್ಟು ಬಲ ಹಾಕಬೇಕೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಳಗಿರುವವನು ಆರಡಿ ಆಳು, ಏನಿಲ್ಲವೆಂದರೂ ಎಪ್ಪತ್ತು ಕಿಲೋ ಇದ್ದಾನು ಎಂದು ಅಂದಾಜು ಮಾಡಿ ಅದಕ್ಕೆ ತಕ್ಕಂತೆ ಸೊಂಟ ಕಟ್ಟಿ ಎತ್ತಿದ್ದರು. ಒಳಗೆ ಅಷ್ಟು ಇರಲಿಲ್ಲ. ಅದರ ಮುಕ್ಕಾಲು ಪಾಲು ಇದ್ದಿರಬಹುದು, ಅಷ್ಟೇ.

"ಏನೂ ಇಲ್ವಲ್ಲೋ ಇದರಲ್ಲಿ" ಎಂದು ಮುಂದೆ ಹಿಡಿದವನು ಪಕ್ಕದವನಿಗೆ ಮೆಲ್ಲಗೆ ಹೇಳಿದ್ದು ಹಿಂದೆಯೇ ಇಳಿಯುತ್ತಿದ್ದ ಮಗಳಿಗೆ ಕೇಳಿಸಿತು.

ಕೆಳಗಿನ ಮೆಟ್ಟಿಲಲ್ಲಿ ನಿಂತು ಎಲ್ಲರಿಗೂ ಅಪ್ಪಣೆ ಕೊಡುತ್ತಿದ್ದ ಸೋದರಮಾವ ಕೈಯೆತ್ತಿ, "ಪುಣ್ಯಾತ್ಮ ಕಣ್ರಯ್ಯ. ಹೂವಿನ ಹಾಗೆ ಹಗುರಾಗಿ ಹೊರಟ" ಎಂದ. ಅಲ್ಲಿದ್ದವರೆಲ್ಲ ಹೌದು ಹೌದು ಎಂದು ತಲೆಯಾಡಿಸಿದರು. ಒಬ್ಬಾಕೆ ಕಣ್ಣೊರೆಸಿಕೊಂಡಳು ಕೂಡ.

ಮಗಳಿಗೆ ಮೈಯೆಲ್ಲ ಉರಿದುಹೋಯಿತು. ಹೂವಂತೆ ಹೂವು. ನಾಲ್ಕು ದಿನದ ಹಿಂದೆ ಆಸ್ಪತ್ರೆಯಲ್ಲಿ ಅಪ್ಪನ ಹೊಟ್ಟೆಗೆ ಸೂಜಿ ಹಾಕಿ ಒಂಬತ್ತು ಲೀಟರ್ ನೀರು ತೆಗೆದಿದ್ದರು. ನೀರು ಹೋದಮೇಲೆ ಮಂಚದ ಮೇಲೆ ಉಳಿದದ್ದೇನು ಎಂದು ನೋಡಿದವಳು ಅವಳು. ಮಾವ ಆ ಹೊತ್ತಿನಲ್ಲಿ ಹೊರಗೆ ಕಾಫಿ ಕುಡಿಯಲು ಹೋಗಿದ್ದ. ಈಗ ಬಂದು ಹೂವು ಎನ್ನುತ್ತಾನೆ. ಅವಳು ಬಡಿದ ಮೂಲೆಯಲ್ಲಿ ಎದ್ದ ಮರದ ಚಕ್ಕೆಯನ್ನು ಬೆರಳಿನಿಂದ ಒತ್ತಿ ಸರಿಮಾಡಿ, ಕೆಳಗಿಳಿದಳು.

ಮನೆ ಮೇಲೆ, ಅಂಗಡಿ ಕೆಳಗೆ. ಅಂಗಡಿಯ ಷಟರ್ ಇವತ್ತು ಎಳೆದಿತ್ತು. ಪೆಟ್ಟಿಗೆ ಅದರ ಮುಂದೆಯೇ ಹಾದುಹೋಯಿತು. ಎದುರಂಗಡಿಯ ಷಟರೂ ಎಳೆದದ್ದನ್ನು ಅವಳು ಗಮನಿಸಿದಳು. ಆ ಅಂಗಡಿಯವನಿಂದ ಅದನ್ನು ಅವಳು ನಿರೀಕ್ಷಿಸಿರಲಿಲ್ಲ.

*

ಮಾರ್ಕೆಟ್ಟಿನಲ್ಲಿ ಅಪ್ಪನಿಗೆ ತಕ್ಕಡಿ ಎಂದೇ ಹೆಸರು. ಒಂದು ಕಿಲೋ ಎಂದರೆ ಕಡಿಯುತ್ತಿದ್ದ, ತಕ್ಕಡಿಗೆ ಹಾಕುತ್ತಿದ್ದ, ಮುಳ್ಳು ನೆಟ್ಟಗೆ ನಿಲ್ಲುತ್ತಿತ್ತು. ಪಂದ್ಯ ಕಟ್ಟಿ ಸೋತ ಗಿರಾಕಿಗಳು ಎಷ್ಟೋ ಜನ. ಆದರೂ ಕೊನೆಯಲ್ಲಿ ಒಂದು ಚೂರು ಮೇಲೆ ಹಾಕದೆ ಪೊಟ್ಟಣ ಕಟ್ಟಿದವನಲ್ಲ. ಆ ಚೂರು ತನ್ನ ಲೆಕ್ಕಕ್ಕಲ್ಲ, ನಿಮ್ಮ ನಾಲಿಗೆಗೆ ಎನ್ನುತ್ತಿದ್ದ.

ಮಗಳು ಹದಿನಾರಕ್ಕೆ ಶಾಲೆ ಸಾಕೆಂದು ಬಂದು ಪಕ್ಕದಲ್ಲಿ ನಿಂತಾಗ ಅವನು ಬೈಯಲಿಲ್ಲ, ಚೂರಿ ಕೈಗೆ ಕೊಟ್ಟ. ಮೊದಲು ಕಲಿಸಿದ್ದು ಕಡಿಯುವುದನ್ನಲ್ಲ, ಮುಟ್ಟುವುದನ್ನು. ಹೆಬ್ಬೆರಳಿನಿಂದ ಒತ್ತು, ಬಿಡು. ಒಳ್ಳೆಯ ಮಾಂಸ ತಕ್ಷಣ ಮೇಲೇಳುತ್ತದೆ. ಗುಳಿ ಹಾಗೇ ನಿಂತರೆ ಅದರಲ್ಲಿ ನೀರಿದೆ, ತೂಕ ಬರಲೆಂದು ತುಂಬಿದ್ದು. ಆಮೇಲೆ ಒಂದೊಂದೇ ಭಾಗವನ್ನು ತೋರಿಸಿದ. ಬೆನ್ನುಮೂಳೆಯ ಒಳಮಗ್ಗುಲಿಗೆ ಎರಡೂ ಕಡೆ ಒರಗಿಕೊಂಡಿರುವ ಮೆತ್ತನೆಯ ಮಾಂಸವನ್ನು ಅವರ ಅಂಗಡಿಯಲ್ಲಿ ಒಳಬೆನ್ನು ಅನ್ನುತ್ತಿದ್ದರು. ಕುರಿ ಹೊಟ್ಟೆಗೆ ತಿಂದು ಬೆಳೆದಿದೆಯೋ, ಹಸಿದು ನರಳಿದೆಯೋ ಎಂದು ಗೊತ್ತಾಗಬೇಕಾದರೆ ಅದನ್ನು ನೋಡಬೇಕು ಎಂದು ಅಪ್ಪ ಹೇಳುತ್ತಿದ್ದ. ಹೊರಗೆ ಉಣ್ಣೆ ಎಷ್ಟು ದಪ್ಪಗಿದ್ದರೂ ಒಳಬೆನ್ನು ಸುಳ್ಳು ಹೇಳುವುದಿಲ್ಲ.

ಒಂಬತ್ತು ವರ್ಷದ ಹಿಂದೆ ಒಂದು ಭಾನುವಾರ ಮಾಲು ಸಾಲದೆ ಬಂತು. ಎದುರಂಗಡಿಯಿಂದ ಎರಡು ತೊಡೆ ತರಿಸಿದರು. ಅಪ್ಪ ಹೆಬ್ಬೆರಳಿಟ್ಟ. ಗುಳಿ ಹಾಗೇ ನಿಂತಿತು. ಅವನು ಕೂಗಾಡಲಿಲ್ಲ. ತೊಡೆಯನ್ನು ಕೊಕ್ಕೆಗೆ ಹಾಕಿ, ಕೆಳಗೆ ಒಂದು ಸ್ಟೀಲ್ ತಟ್ಟೆ ಇಟ್ಟು, ಕಾದಿದ್ದ ಗಿರಾಕಿಗಳಿಗೆ ಸ್ವಲ್ಪ ಇರಿ ಎಂದ. ತಟ್ಟೆಗೆ ಟಪ್ ಟಪ್ ಎಂದು ನೀರು ಬೀಳತೊಡಗಿತು. ಎದುರಂಗಡಿಯವನು ಓಡಿ ಬಂದು ಬಾಗಿಲಲ್ಲಿ ನಿಂತ. ಇಪ್ಪತ್ತು ಜನರ ಮುಂದೆ ಅಪ್ಪ ಅವನಿಗೆ ಹೇಳಿದ್ದು ಒಂದೇ ಮಾತು: "ಇದು ಮಾಂಸ ಅಲ್ಲ ಕಣಯ್ಯ, ಬರೀ ತೂಕ."

ಅಂದಿನಿಂದ ಆ ಎರಡು ಅಂಗಡಿಗಳ ನಡುವೆ ಮಾತಿಲ್ಲ. ಹದಿನೈದು ಅಡಿ ರಸ್ತೆ, ಒಂಬತ್ತು ವರ್ಷ, ಒಂದು ಮಾತಿಲ್ಲ.

*

ಮಣ್ಣು ಮುಚ್ಚುವ ಹೊತ್ತಿಗೆ ಬಿಸಿಲು ಏರಿತ್ತು. ಮಣ್ಣಿಗೆ ಬಂದವರು ಮರದ ನೆರಳಿನಲ್ಲಿ ಗುಂಪುಗುಂಪಾಗಿ ನಿಂತು ಸತ್ತವನ ಬಗ್ಗೆ ತಮಗೆ ಗೊತ್ತಿಲ್ಲದ್ದನ್ನೆಲ್ಲ ಮಾತಾಡುತ್ತಿದ್ದರು. ಲಿವರ್ ಕ್ಯಾನ್ಸರ್ ಅಂದಮೇಲೆ ಕುಡಿತ ಇದ್ದೇ ಇರುತ್ತದೆ ಎಂದು ಒಬ್ಬ ಹೇಳುತ್ತಿದ್ದ. ಅಪ್ಪ ಜನ್ಮದಲ್ಲಿ ಒಂದು ತೊಟ್ಟು ಮುಟ್ಟಿದವನಲ್ಲ. ಯಾವುದೋ ಕಾಲದ ಕಾಮಾಲೆ ರಕ್ತದಲ್ಲಿ ಕೂತು ಮೂವತ್ತು ವರ್ಷ ಲಿವರನ್ನು ತಿಂದಿತ್ತು. ಮಗಳು ಆ ಮಾತುಗಾರನನ್ನು ದುರುಗುಟ್ಟಿ ನೋಡಿದಳು. ಅವನು ಚಪ್ಪಲಿಯ ಮಣ್ಣು ಕೊಡವುವುದರಲ್ಲಿ ಮಗ್ನನಾದ.

ಇನ್ನೊಂದು ಕಡೆ ಸೋದರಮಾವ, ತಾನು ಭಾವನನ್ನು ಏಳು ತಿಂಗಳು ಹೇಗೆ ಜೋಪಾನ ಮಾಡಿದೆ, ಪಥ್ಯ ಎಷ್ಟು ಕಟ್ಟುನಿಟ್ಟಾಗಿ ನಡೆಸಿದೆ ಎಂದು ಹೇಳುತ್ತಿದ್ದ. ಅವನು ಮೂವತ್ತು ವರ್ಷ ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಂತವನು. ಅದರಿಂದಲೇ ಮನೆಮಂದಿಗೆಲ್ಲ ಅರ್ಧ ಡಾಕ್ಟರು, ಅವನ ಮಟ್ಟಿಗೆ ಪೂರ್ತಿ.

ಆಗ ಆಸ್ಪತ್ರೆಯ ಸ್ಕ್ಯಾನ್ ಕೋಣೆಯಲ್ಲಿ ಕೆಲಸ ಮಾಡುವವನು ಅವಳ ಹತ್ತಿರ ಬಂದ. ಭಾನುವಾರದ ಖಾಯಂ ಗಿರಾಕಿ. ಅಪ್ಪನನ್ನು ಯಂತ್ರದ ಮೇಲೆ ಎರಡು ಸಲ ಮಲಗಿಸಿ ಚಿತ್ರ ತೆಗೆದವನೂ ಅವನೇ. ಏನೋ ಹೇಳಬೇಕೆಂದು ಬಂದು, ಹೇಳಲಾರದೆ, ಕೈ ಕೈ ಹಿಸುಕಿಕೊಂಡು ನಿಂತ. ಹೇಳಿ ಎಂದು ಅವಳು ಗದರಿದ ಮೇಲೆ ಬಾಯಿ ಬಿಟ್ಟ.

"ಲಿವರ್ ನೋಡೋಕೆ ಅಂತ ತೆಗೆದ ಚಿತ್ರದಲ್ಲೇ ಮೈಮಾಂಸಾನೂ ಬಿದ್ದಿರುತ್ತಮ್ಮ. ಬೇರೆ ಚಿತ್ರ ಬೇಕಾಗಿಲ್ಲ. ಸೊಂಟದ ಹತ್ತಿರ ಒಂದು ಮೂಳೆ ಮಟ್ಟದಲ್ಲಿ ಸುತ್ತ ಗೆರೆ ಎಳೆದರೆ ಎಷ್ಟು ಉಳಿದಿದೆ ಅಂತ ಅಳತೆ ಬರುತ್ತೆ. ಅದು ಕಮ್ಮಿ ಇದ್ದವರು ಚಿಕಿತ್ಸೆ ತಡ್ಕೊಳ್ಳೋದು ಕಷ್ಟ, ಬೇಗ ಹೋಗ್ತಾರೆ ಅಂತ ಬೇಕಾದಷ್ಟು ಕಡೆ ಬರೆದಿದ್ದಾರೆ. ಹತ್ತು ನಿಮಿಷದ ಕೆಲಸ. ನಮ್ಮಲ್ಲಿ ಯಾರೂ ಕೇಳಲ್ಲ. ಕೇಳಿಲ್ಲ ಅಂತ ನಾನೂ ಮಾಡಲ್ಲ."

"ಅಪ್ಪನದ್ದು ಮಾಡಿದ್ರಾ?"

"ಮಾಡಿದೆ."

"ಯಾವಾಗ?"

ಅವನು ಹೊಸ ಮಣ್ಣಿನ ಗುಡ್ಡೆಯ ಕಡೆ ನೋಡಿದ. "ನಿನ್ನೆ. ಸುದ್ದಿ ಗೊತ್ತಾದ ಮೇಲೆ."

ಅವಳಿಗೆ ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಕೈ ಎದ್ದಿತ್ತು ಕೂಡ, ಸೆರಗು ಸರಿಮಾಡುವ ನೆಪದಲ್ಲಿ ಇಳಿಸಿಕೊಂಡಳು. ಎರಡು ಚಿತ್ರಗಳ ನಡುವಿನ ಆರು ತಿಂಗಳಲ್ಲಿ ಮೂರರಲ್ಲಿ ಒಂದು ಪಾಲು ಹೋಗಿತ್ತಂತೆ. ಮೊದಲೇ ತಿಳಿದಿದ್ದರೆ ಅಪ್ಪ ಬದುಕುತ್ತಿದ್ದನೇ ಎಂದು ಕೇಳಿದಳು. ಅದನ್ನು ತಾನು ಹೇಳಲಾರೆ, ಗಡ್ಡೆ ಗಡ್ಡೆಯೇ ಎಂದ. ಆದರೆ ಎರಡನೇ ಸಲ ಔಷಧಿ ಬಿಡುವ ಮುಂಚೆ ತಿಂಗಳೊಪ್ಪತ್ತು ತಡೆದು, ಚೆನ್ನಾಗಿ ಊಟ ಹಾಕಿ, ನಡೆಸಿ, ಮೈಗೆ ಒಂದಿಷ್ಟು ಶಕ್ತಿ ಬಂದಮೇಲೆ ಮುಂದಿನದನ್ನು ನೋಡಬಹುದಿತ್ತು ಎಂದ.

"ಊಟ ಅಂದ್ರೆ?"

"ಮೊಟ್ಟೆ, ಮೀನು, ಮಾಂಸ. ಹೊಟ್ಟೆ ತುಂಬಾ" ಎಂದ ಅವನು. ಯಾರ ಮಗಳಿಗೆ ಹೇಳುತ್ತಿದ್ದೇನೆ ಎಂದು ಆಮೇಲೆ ಹೊಳೆದು ತಲೆ ತಗ್ಗಿಸಿದ.

*

ಗಡ್ಡೆಗೆ ರಕ್ತ ಹರಿಯುವ ನಾಳದೊಳಗೆ ಔಷಧಿ ಬಿಟ್ಟು ದಾರಿ ಮುಚ್ಚುತ್ತೇವೆ ಎಂದು ದೊಡ್ಡ ಡಾಕ್ಟರು ಮೊದಲ ಸಲ ಹೇಳಿದಾಗ, ಊಟದ ಬಗ್ಗೆ ಅವರ ಬಾಯಿಂದ ಬಂದದ್ದು ಎರಡೇ ಪದ. ಪಥ್ಯ ನೋಡಿಕೊಳ್ಳಿ. ಆ ಎರಡು ಪದ ಸಾಕಾಯಿತು ಮಾವನಿಗೆ. ಮಾಂಸ ಬಂದ್, ಮೊಟ್ಟೆ ಬಂದ್, ಎಣ್ಣೆ ಬಂದ್. ಲಿವರಿಗೆ ಭಾರ ಆಗಬಾರದು. ತೆಳು ಗಂಜಿ, ಬೆಂದ ತರಕಾರಿಯ ನೀರು. ಅಪ್ಪ ಅಂಗಡಿಗೆ ಇಳಿಯಬಾರದು, ಏನನ್ನೂ ಎತ್ತಬಾರದು, ಮಲಗಿರಬೇಕು. ಅಮ್ಮ ತಮ್ಮನ ಮಾತನ್ನು ವೇದವಾಕ್ಯದಂತೆ ನಡೆಸಿದಳು. ಗಂಜಿಯನ್ನು ಬಿಳಿ ಬಟ್ಟೆಯಲ್ಲಿ ಸೋಸಿ ಸೋಸಿ ಕೊಡುತ್ತಿದ್ದಳು, ಒಂದು ಅಗುಳೂ ಉಳಿಯದ ಹಾಗೆ.

ಮೊದಮೊದಲು ಅಪ್ಪ ತಮಾಷೆ ಮಾಡುತ್ತಿದ್ದ. "ಬಟ್ಟೆ ಒಗೆದ ನೀರು ಕೊಟ್ಟೆಯಾ, ಗಂಜಿ ಕೊಟ್ಟೆಯಾ?" ಎಂದು ಅಮ್ಮನನ್ನು ಕೇಳುತ್ತಿದ್ದ. ಆಮೇಲೆ ಕೇಳುವುದನ್ನು ಬಿಟ್ಟ. ಕೆಳಗೆ ಮಗಳು ಊರವರಿಗೆಲ್ಲ ಮಾಂಸ ತೂಗುತ್ತಿದ್ದಳು. ಮೇಲೆ ಅವಳಿಗೆ ಆ ಕೆಲಸ ಕಲಿಸಿದವನು ಗಂಜಿಯ ತಿಳಿ ಕುಡಿಯುತ್ತಿದ್ದ. ಒಂದು ಮಧ್ಯಾಹ್ನ ಅಪ್ಪ ಕಂಬಿ ಹಿಡಿದು ಹಿಡಿದು ಅರ್ಧ ಮೆಟ್ಟಿಲು ಇಳಿದು ಬಂದು, ಅಲ್ಲಿಯೇ ಕೂತು, ಅವಳನ್ನು ಕರೆದ.

"ಒಂದು ತುಂಡು ಬೇಯಿಸಿ ಕೊಡೇ. ಒಂದೇ ಒಂದು. ನಾಲಿಗೆ ಸತ್ತೋಗಿದೆ."

"ಮಾವ ಬೈತಾರಪ್ಪ."

"ಅವನಿಗೆ ಯಾಕೆ ಹೇಳ್ತೀಯ?"

ಅವಳು ಕೊಡಲಿಲ್ಲ. ಹುಷಾರಾದ ಮೇಲೆ ಕೊಡುತ್ತೇನೆ ಎಂದು ಮಕ್ಕಳಿಗೆ ಹೇಳುವಂತೆ ಹೇಳಿ, ತೋಳು ಹಿಡಿದು ಮೇಲೆ ಹತ್ತಿಸಿದಳು. ಅವಳ ಮುಷ್ಟಿಯೊಳಗೆ ಆ ತೋಳು ಪೂರ್ತಿ ಹಿಡಿಸಿತು. ಅದನ್ನು ಅವಳು ಗಮನಿಸಿದಳು, ಗಮನಿಸಿ ಸುಮ್ಮನಾದಳು. ತೂಕ ಸರಿಯಾಗಿಯೇ ಇತ್ತಲ್ಲ. ಪ್ರತಿ ಸಲ ಆಸ್ಪತ್ರೆಯ ಯಂತ್ರದ ಮೇಲೆ ನಿಂತಾಗ ಎಪ್ಪತ್ತನಾಲ್ಕು. ಎಪ್ಪತ್ತನಾಲ್ಕೂ ಕಾಲು. ಅಪ್ಪನೂ ಅದನ್ನು ನಂಬಿದ. ಜೀವಮಾನವಿಡೀ ತೂಕದ ಮೇಲೆ ಬದುಕಿದವನು, ನಂಬದೆ ಇನ್ನೇನು ಮಾಡುತ್ತಾನೆ? ಪ್ಯಾಂಟು ಸೊಂಟಕ್ಕೆ ಬಿಗಿಯಾಗುತ್ತಿದೆ, ದಪ್ಪಗಾಗುತ್ತಿದ್ದೇನೆ ಎಂದು ನಗುತ್ತಿದ್ದ. ಒಂದು ದಿನ ಅವನ ಕಾಲಿಗೆ ಎಣ್ಣೆ ಹಚ್ಚುವಾಗ ಮೊಣಕಾಲ ಕೆಳಗೆ ಅವಳ ಹೆಬ್ಬೆರಳು ಒತ್ತಿತು. ಗುಳಿ ಹಾಗೇ ನಿಂತಿತು. ಅದನ್ನು ಕುರಿಯ ತೊಡೆಯಲ್ಲಿ ಕಂಡಿದ್ದರೆ ಆ ಕ್ಷಣವೇ ವಾಪಸು ಕಳಿಸುತ್ತಿದ್ದಳು. ಅಪ್ಪನ ಕಾಲಾದ್ದರಿಂದ ಇನ್ನಷ್ಟು ಎಣ್ಣೆ ಹಚ್ಚಿದಳು.

ತಿಂಗಳ ಹಿಂದೆ ಎರಡನೇ ಸ್ಕ್ಯಾನಿನ ಫಿಲ್ಮು ಬಂತು. ಅಂಗಡಿಯ ಟ್ಯೂಬ್‌ಲೈಟಿಗೆ ಹಿಡಿದು ಸುಮ್ಮನೆ ನೋಡಿದಳು. ಹಾಳೆಯ ತುಂಬ ಸಾಲುಸಾಲಾಗಿ ಸಣ್ಣ ಚಿತ್ರಗಳು. ಲಿವರ್ ಅವಳಿಗೆ ಅರ್ಥವಾಗಲಿಲ್ಲ. ಆದರೆ ಕೆಳಗಿನ ಸಾಲಿನ ಒಂದು ಚಿತ್ರ ಅವಳಿಗೆ ಚೆನ್ನಾಗಿ ಗೊತ್ತಿದ್ದದ್ದು. ಸೊಂಟಕ್ಕೆ ಅಡ್ಡಲಾಗಿ ಕಡಿದ ತುಂಡು. ನಡುವೆ ಬೆನ್ನುಮೂಳೆ, ಅದರ ಎರಡು ಪಕ್ಕಕ್ಕೆ ಒಳಬೆನ್ನು. ಮೊದಲ ಫಿಲ್ಮನ್ನು ತೆಗೆದು ಪಕ್ಕಕ್ಕೆ ಹಿಡಿದಳು. ಹಳೆಯದರಲ್ಲಿ ಅದು ಅವಳ ಹೆಬ್ಬೆರಳಿನಷ್ಟು ಇತ್ತು. ಹೊಸದರಲ್ಲಿ ಕಿರುಬೆರಳಿನ ತುದಿ ಇಟ್ಟರೆ ಮುಚ್ಚಿಹೋಗುತ್ತಿತ್ತು. ಸುತ್ತ ಹೊಟ್ಟೆಯೊಳಗೆಲ್ಲ ಒಂದೇ ಸಮನೆ ಬೂದು ಬಣ್ಣ.

ಮಾರನೇ ದಿನ ಆಸ್ಪತ್ರೆಯಲ್ಲಿ ದೊಡ್ಡ ಡಾಕ್ಟರು ಬಹಳ ಖುಷಿಯಲ್ಲಿದ್ದರು. ಗಡ್ಡೆ ಐದರಿಂದ ಮೂರೂವರೆ ಸೆಂಟಿಮೀಟರಿಗೆ ಇಳಿದಿದೆ, ತೂಕ ಇಳಿದಿಲ್ಲ, ಇನ್ನೊಂದು ಸಲ ಔಷಧಿ ಬಿಟ್ಟುಬಿಡೋಣ ಎಂದರು. ಮಾವ ಇದೆಲ್ಲ ತನ್ನ ಪಥ್ಯದ ಫಲ ಎಂಬಂತೆ ಎದೆಯುಬ್ಬಿಸಿ ನಿಂತಿದ್ದ. ಅವಳು ಧೈರ್ಯ ಮಾಡಿ ಕೇಳಿದಳು.

"ಡಾಕ್ಟ್ರೇ, ಬೆನ್ನಿನ ಒಳಗಡೆ ಮಾಂಸ ಕರಗಿದೆ ಅಲ್ವಾ?"

ಡಾಕ್ಟರು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ನಕ್ಕರು. "ಇದು ನಿಮ್ಮ ಅಂಗಡಿ ಅಲ್ಲಮ್ಮ. ನಾವು ನೋಡೋದು ಲಿವರ್‌ನ."

ಮಾವ ನಕ್ಕ. ಅಪ್ಪನೂ ನಕ್ಕ, ಅದನ್ನು ಅವಳು ಇವತ್ತಿಗೂ ಮರೆತಿಲ್ಲ. ಹೊರಗೆ ಬಂದಮೇಲೆ, ಅಷ್ಟೊಂದು ಓದಿದವರ ಮುಂದೆ ನಮ್ಮ ಕಸುಬು ಯಾಕೆ ತೆಗೆಯುತ್ತೀ ಎಂದು ಅಪ್ಪ ಅವಳ ಬೆನ್ನು ತಟ್ಟಿದ. ಅವಳು ಬಾಯಿಗೆ ಬೀಗ ಹಾಕಿಕೊಂಡಳು. ಎರಡನೇ ಔಷಧಿ ಬಿಟ್ಟಮೇಲೆ ಅಪ್ಪ ಹಾಸಿಗೆಯಿಂದ ಏಳಲಿಲ್ಲ. ಮೂರು ವಾರ, ಅಷ್ಟೇ.

*

ಮಣ್ಣು ಮಾಡಿ ಬಂದವರು ಮೇಲೆ ಮನೆಯಲ್ಲಿ, ಮೆಟ್ಟಿಲ ಮೇಲೆ, ಬೀದಿಯ ಕುರ್ಚಿಗಳಲ್ಲಿ ಕೂತಿದ್ದರು. ಮಾವ ಕತೆಯನ್ನು ಮತ್ತೊಮ್ಮೆ ಮೊದಲಿನಿಂದ ಶುರುಮಾಡಿದ್ದ. ಹೂವಿನ ಹಾಗೆ, ನೋವೇ ಇಲ್ಲದೆ. ಮಗಳು ಇನ್ನು ತಡೆದುಕೊಳ್ಳಲಾರದೆ ಹೋಗಿ ಅಂಗಡಿಯ ಷಟರ್ ಎತ್ತಿದಳು.

ಆ ಸದ್ದಿಗೆ ಬೀದಿಯ ಮಾತು ನಿಂತಿತು. ಮಣ್ಣು ಮಾಡಿದ ದಿನವೇ ಅಂಗಡಿ ತೆಗೆದಳಲ್ಲ ಎಂದು ಯಾರೋ ಪಿಸುಗುಟ್ಟಿದರು. ಅವಳು ಟ್ಯೂಬ್‌ಲೈಟ್ ಹಾಕಿದಳು. ತಕ್ಕಡಿಯ ಹಿಂದೆ ಸಿಕ್ಕಿಸಿಟ್ಟಿದ್ದ ಎರಡು ಫಿಲ್ಮುಗಳನ್ನು ತೆಗೆದು, ಕುರಿ ತೂಗುಹಾಕುವ ಕೊಕ್ಕೆಗಳಿಗೆ ಒಂದರ ಪಕ್ಕ ಒಂದು ಚುಚ್ಚಿ ತೂಗುಹಾಕಿದಳು. ಬೆಳಕು ಹಿಂದಿನಿಂದ ಬಿದ್ದು ಎರಡೂ ಬೆಳ್ಳಗೆ ಹೊತ್ತಿಕೊಂಡವು.

ಪೆಟ್ಟಿಗೆ ಹೊತ್ತಿದ್ದ ಮಾರ್ಕೆಟ್ಟಿನವರು ಮೊದಲು ಬಂದರು. ಏನಿದು ಎಂದು ಯಾರೂ ಕೇಳಲಿಲ್ಲ. ಹತ್ತಿರ ಬಂದು, ಸಾಲು ಸಾಲು ಚಿತ್ರಗಳ ಮೇಲೆ ಕಣ್ಣಾಡಿಸಿ, ತಾವಾಗಿಯೇ ಕೆಳಗಿನ ಸಾಲಿಗೆ ಇಳಿದು, ಅಲ್ಲಿ ನಿಂತುಬಿಟ್ಟರು. ಬೆಳಿಗ್ಗೆ ಪೆಟ್ಟಿಗೆಯ ಮುಂದೆ ಹಿಡಿದವನು ಒಂದನ್ನು ನೋಡಿದ, ಇನ್ನೊಂದನ್ನು ನೋಡಿದ, ತನ್ನ ಹೆಗಲು ಮುಟ್ಟಿಕೊಂಡ.

ಅವರ ಹಿಂದೆ ಎದುರಂಗಡಿಯವನು ರಸ್ತೆ ದಾಟಿ ಬಂದು ಹೊಸ್ತಿಲಲ್ಲಿ ನಿಂತ. ಒಂಬತ್ತು ವರ್ಷದ ಹಿಂದೆ ನಿಂತದ್ದೂ ಅಲ್ಲೇ. ಒಳಗೆ ಬರಲೇ ಎಂದು ಕಣ್ಣಲ್ಲೇ ಕೇಳಿದ. ಅವಳು ದಾರಿ ಬಿಟ್ಟಳು. ಅವನು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದ. ನೀರಿನ ವಿಷಯದಲ್ಲಿ ಇಡೀ ಮಾರ್ಕೆಟ್ಟಿನಲ್ಲಿ ಅವನಷ್ಟು ತಿಳಿದವನು ಇನ್ನೊಬ್ಬನಿಲ್ಲ.

ಅಷ್ಟರಲ್ಲಿ ಮಾವ ದಡಬಡ ಇಳಿದು ಬಂದ. ನಾಲ್ಕು ಜನರ ಮುಂದೆ ಮರ್ಯಾದೆ ಕಳೆಯುತ್ತಿದ್ದಾಳೆ, ಸತ್ತವನ ಫಿಲ್ಮನ್ನು ಕುರಿಯ ಕೊಕ್ಕೆಗೆ ಹಾಕಿದ್ದಾಳೆ ಎಂದು ಎಗರಾಡಿದ. ಅದು ಓದಿದವರು ನೋಡುವಂಥದ್ದು, ಇವರಿಗೆಲ್ಲ ಇದರಲ್ಲಿ ಏನು ಗೊತ್ತಾಗುತ್ತದೆ ಎಂದು ಕೇಳಿದ.

ಉತ್ತರ ಕೊಟ್ಟದ್ದು ಎದುರಂಗಡಿಯವನು. ಮೊದಲ ಫಿಲ್ಮಿನ ಮೇಲೆ ಹೆಬ್ಬೆರಳಿಟ್ಟು ತೋರಿಸಿದ. ಎರಡನೆಯದರ ಮೇಲೆ ಕಿರುಬೆರಳಿಟ್ಟ. ಆಮೇಲೆ ಸುತ್ತಲಿನ ಬೂದು ಬಣ್ಣದ ಮೇಲೆ ಉಗುರಿನಿಂದ ಒಂದು ಸುತ್ತು ಎಳೆದ.

"ಇದಿಷ್ಟೂ ನೀರು ಸ್ವಾಮಿ" ಎಂದ. "ಬರೀ ತೂಕ."

ಮಗಳು ಮಾವನ ಕಡೆ ತಿರುಗಿದಳು. ಅಳಲು ಅವಳು ಷಟರ್ ಎತ್ತಿರಲಿಲ್ಲ.

"ಮಾವ, ನೀವೂ ಬೆರಳಿಟ್ಟು ನೋಡಿ" ಎಂದಳು. "ಆರು ತಿಂಗಳು ನೀವು ಕೊಡಿಸಿದ್ದು ಏನು ಮಾಡಿದೆ ಅಂತ ನೋಡಿ. ನಾನು ನೋಡಿದ್ದೆ. ನೋಡಿ ಸುಮ್ಮನಿದ್ದೆ. ನಿಮಗೆ, ಆ ಡಾಕ್ಟರಿಗೆ ಹೆದರಿ ಸುಮ್ಮನಿದ್ದೆ. ಅಪ್ಪ ಒಂದೇ ಒಂದು ತುಂಡು ಕೇಳಿದ, ಕೊಡಲಿಲ್ಲ. ಇಡಿ ಬೆರಳು."

ಮಾವ ಎರಡೂ ಕೈಗಳನ್ನು ಜೇಬಿಗೆ ಹಾಕಿಕೊಂಡ. ಡಾಕ್ಟರೇ ಹೇಳಿದ್ದು, ತಾನೇನು ಮಾಡಲಿ, ಎಲ್ಲ ಒಳ್ಳೆಯದಕ್ಕೇ ಮಾಡಿದ್ದು ಎಂದು ಅವನ ದನಿ ಇಳಿಯುತ್ತಾ ಇಳಿಯುತ್ತಾ ಹೋಯಿತು. ಅವಳು ಬಿಡಲಿಲ್ಲ. ಎಲ್ಲರೆದುರಿಗೆ ಅವನ ತೋಳು ಹಿಡಿದು ಕೊಕ್ಕೆಯ ಕಡೆ ಎಳೆದಳು. ಏಳು ತಿಂಗಳ ಸಿಟ್ಟು ಆ ಹಿಡಿತದಲ್ಲಿತ್ತು. ಆ ಗಳಿಗೆಯಲ್ಲಿ ಅವನು ಅಳಬೇಕು, ಇಷ್ಟು ಜನರ ಮುಂದೆ ಅವನ ಮಾನ ಮಣ್ಣುಪಾಲಾಗಬೇಕು ಎಂಬುದೊಂದೇ ಅವಳಿಗೆ ಬೇಕಾಗಿತ್ತು.

ಜನ ಇದ್ದಕ್ಕಿದ್ದಂತೆ ಎರಡು ಕಡೆ ಸರಿದರು. ಅಮ್ಮ ಬಂದಿದ್ದಳು. ಯಾವಾಗ ಮೆಟ್ಟಿಲಿಳಿದಳೋ, ಎಷ್ಟು ಕೇಳಿಸಿಕೊಂಡಳೋ ಯಾರಿಗೂ ಗೊತ್ತಿಲ್ಲ. ಮಗಳ ಕೈ ಮಾವನ ತೋಳಿನಿಂದ ತಾನಾಗಿಯೇ ಜಾರಿತು.

"ಅಮ್ಮ, ನೀನಲ್ಲ" ಎಂದಳು.

ಅಮ್ಮ ಅವಳ ಕಡೆ ನೋಡಲಿಲ್ಲ. ಮೊದಲ ಫಿಲ್ಮಿನ ಮುಂದೆ ನಿಂತು, ಎದುರಂಗಡಿಯವನ ಬೆರಳಿನ ಗುರುತು ಬಿದ್ದಿದ್ದ ಜಾಗದಲ್ಲಿ ತನ್ನ ಹೆಬ್ಬೆರಳಿಟ್ಟಳು. ಗಂಜಿಯ ಬಟ್ಟೆ ಹಿಂಡಿ ಹಿಂಡಿ ಆ ಬೆರಳಿನ ಚರ್ಮ ಬಿಳಿಚಿಕೊಂಡು ಸುಕ್ಕಾಗಿತ್ತು. ಆಮೇಲೆ ಎರಡನೆಯದರ ಮುಂದೆ ಬಂದಳು. ಕಿರುಬೆರಳು ಇಟ್ಟಳು. ಬೆನ್ನುಮೂಳೆಯ ಪಕ್ಕದ ಆ ಚುಕ್ಕೆ ಮುಚ್ಚಿಹೋಯಿತು.

ಫಿಲ್ಮು ಕೊಕ್ಕೆಯಲ್ಲಿ ಸ್ವಲ್ಪ ಅಲ್ಲಾಡಿ ನಿಂತಿತು. ಮಾರ್ಕೆಟ್ಟಿನವರು ನಿಂತಿದ್ದರು, ಮಾವ ನಿಂತಿದ್ದ, ಎದುರಂಗಡಿಯವನು ಕನ್ನಡಕ ತೆಗೆದು ಕೈಯಲ್ಲಿ ಹಿಡಿದಿದ್ದ. ಮಗಳು ಅಮ್ಮನ ಭುಜ ಮುಟ್ಟಿ ಮೇಲೆ ಹೋಗೋಣ ಬಾ ಎಂದಳು. ಅಮ್ಮ ಬೆರಳು ತೆಗೆಯಲಿಲ್ಲ.